ಬೋಣಿ, ಕೊಸರು, ಸಂಚಕಾರ: ಹಿಂದಿನವರ ವ್ಯಾಪಾರದಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು?



ಕೆಲವು ವಾರಗಳ ಹಿಂದೆ ನಮ್ಮ ಮೊಹಲ್ಲಾದ ಒಬ್ಬ ಸಹೋದರಿ ನಮ್ಮ ಮನೆಯವರ ಬಳಿ ಬಂದು ಒಂದು ಮಾತು ಹೇಳಿಕೊಂಡರು. ಗಂಡ ತೀರಿಕೊಂಡಿದ್ದಾರೆ, ಎರಡು ಮಕ್ಕಳಿದ್ದಾರೆ, ಬೀಡಿ ಕಟ್ಟಿ ಜೀವನ ಸಾಗಿಸುತ್ತಾರೆ. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಹತ್ತಿರದ ಅಂಗಡಿಗೆ ಹೋಗಿ ಅರ್ಧ ಲೀಟರ್ ಹಾಲು ಉದ್ರಿ ಕೇಳಿದ್ದಾರೆ. ಅಂಗಡಿಯವನು, "ಇನ್ನೂ ಬೋಣಿ ಆಗಿಲ್ಲಮ್ಮ, ಬೆಳಬೆಳಿಗ್ಗೆ ಉದ್ರಿ ಕೇಳಬೇಡಿ, ಆಮೇಲೆ ಬನ್ನಿ" ಎಂದು ವಾಪಸು ಕಳಿಸಿದ್ದಾನೆ. ಮಕ್ಕಳು ಆ ದಿನ ಕರಿ ಚಹಾ ಕುಡಿದು ಶಾಲೆಗೆ ಹೋದರು. ಅವರಿಗೆ ನೋವಾದದ್ದು ಹಾಲು ಸಿಗದ್ದಕ್ಕಲ್ಲ. "ನನ್ನ ಮುಖ ನೋಡಿದರೆ ಅವರ ವ್ಯಾಪಾರ ಕೆಡುತ್ತದೆ ಎಂದ ಹಾಗಾಯಿತು" ಎಂದು ಹೇಳಿ ಅತ್ತರು.

ಆ ಅಂಗಡಿಯವನು ಕೆಟ್ಟವನಲ್ಲ. ಐದು ಹೊತ್ತಿನ ನಮಾಝಿಗೆ ಬರುವ ಯುವಕ. ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ವಿಚಾರಿಸಿದೆವು. ಅವನು ತಲೆ ತಗ್ಗಿಸಿ ಕೇಳಿದ: "ಹಜ್ರತ್, ನಮ್ಮ ದಾದಾ ಕಾಲದಿಂದಲೂ ಹೀಗೇ ನಡೆದುಕೊಂಡು ಬಂದಿದೆ. ಹಾಗಾದರೆ ನಮ್ಮ ಹಿರಿಯರು ಮಾಡಿದ್ದೆಲ್ಲ ತಪ್ಪಾ?"

ಈ ಪ್ರಶ್ನೆಗೆ ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸಲು ಬರುವುದಿಲ್ಲ. ಹಿರಿಯರು ಬಿಟ್ಟುಹೋದ ಮನೆಯಲ್ಲಿ ಒಳ್ಳೆಯ ಪಾತ್ರೆಯೂ ಇರುತ್ತದೆ, ತೂತು ಬಿದ್ದ ಪಾತ್ರೆಯೂ ಇರುತ್ತದೆ. ಒಂದೊಂದನ್ನೇ ತೆಗೆದು ನೋಡಬೇಕು. ಅದಕ್ಕಾಗಿ ಮುಂದಿನ ಜುಮಾದಲ್ಲಿ ಈ ವಿಷಯವನ್ನೇ ಎತ್ತಿಕೊಂಡೆವು. ಅಲ್ಲಿ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಹೆಸರುಗಳಲ್ಲೇ ಸಂತೆ ಇದೆ

ಉತ್ತರ ಕರ್ನಾಟಕದ ನಮ್ಮ ಕುಟುಂಬಗಳ ಅಡ್ಡಹೆಸರುಗಳನ್ನು ನೋಡಿ. ಬಾಗವಾನ ಎಂದರೆ ಹಣ್ಣು ತರಕಾರಿ ಮಾರುವವರು. ಅತ್ತಾರ ಎಂದರೆ ಅತ್ತರು, ಸುಗಂಧ ಮಾರುವವರು. ತಾಂಬೋಳಿ ಎಂದರೆ ಎಲೆ ಅಡಿಕೆ ಮಾರುವವರು. ಮಣಿಯಾರರು ಬಳೆ ತೊಡಿಸುತ್ತಿದ್ದರು. ನದಾಫರು, ಪಿಂಜಾರರು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಕಲಾಯಿಗಾರರು ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಮ್ಮ ಅಜ್ಜಂದಿರಲ್ಲಿ ಬಹಳ ಮಂದಿ ಬದುಕಿದ್ದು ವಾರದ ಸಂತೆಯಿಂದ. ಈ ಊರಿಗೆ ಸೋಮವಾರ, ಆ ಊರಿಗೆ ಬುಧವಾರ, ಇನ್ನೊಂದಕ್ಕೆ ಶನಿವಾರ ಎಂದು ಗಂಟು ಹೊತ್ತು, ಎತ್ತಿನ ಗಾಡಿ ಹೂಡಿ ಹೋಗುತ್ತಿದ್ದರು.

ಆಗಿನ ಲೆಕ್ಕವೇ ಬೇರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಎಂದು ಬದಲಾಯಿತು. ಆದರೂ ಬಹಳ ವರ್ಷ ಜನ 25 ಪೈಸೆಯನ್ನು ನಾಲ್ಕಾಣೆ ಎಂದೇ ಕರೆದರು. ಇವತ್ತಿಗೂ ಪೂರ್ತಿ ಸತ್ಯವನ್ನು "ಹದಿನಾರಾಣೆ ಸತ್ಯ" ಎನ್ನುತ್ತೇವೆ. ಕಾಳು ಕಡಿಯನ್ನು ಅಳೆಯಲು ಚಟಾಕು, ಪಾವು, ಅಚ್ಚೇರು, ಸೇರು ಇದ್ದವು. ದೊಡ್ಡ ರಾಶಿಗೆ ಬಳ್ಳ, ಕೊಳಗ, ಖಂಡುಗ. 20 ಕೊಳಗಕ್ಕೆ ಒಂದು ಖಂಡುಗ. ಕರಾವಳಿಯಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಅಕ್ಕಿ. ತೂಕದಲ್ಲಿ 80 ತೊಲದ ಪಕ್ಕಾ ಸೇರು ಒಂದಾದರೆ, ಅದಕ್ಕಿಂತ ಬಹಳ ಚಿಕ್ಕದಾದ ಕಚ್ಚಾ ಸೇರು ಇನ್ನೊಂದು. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮ ಬರುತ್ತಿರಲಿಲ್ಲ. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ತೂಕ ಹಂತಹಂತವಾಗಿ ಜಾರಿಗೆ ಬಂದ ಮೇಲೆಯೇ ಈ ಗೊಂದಲ ಕಡಿಮೆಯಾದದ್ದು. ಅಳತೆ ಒಂದೇ ಇಲ್ಲದ ಆ ಕಾಲದಲ್ಲಿ ವ್ಯಾಪಾರ ನಿಂತದ್ದು ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಕಾಪಾಡಲು ಕೆಲವು ಪದ್ಧತಿಗಳು ಹುಟ್ಟಿದವು. ಅದೇ ಸಂತೆಯಲ್ಲಿ ಭಯದಿಂದ ಹುಟ್ಟಿದ ಪದ್ಧತಿಗಳೂ ಇದ್ದವು, ಮೋಸದಿಂದ ಹುಟ್ಟಿದವೂ ಇದ್ದವು.

ಇಸ್ಲಾಮ್ ಸಂತೆಯನ್ನು ಮುಚ್ಚಿಸಲಿಲ್ಲ

ಪ್ರವಾದಿ(ಸ) ಸ್ವತಃ ವ್ಯಾಪಾರಿಯಾಗಿದ್ದರು. ಹ. ಖದೀಜಾ(ರ) ಅವರ ಸರಕು ತೆಗೆದುಕೊಂಡು ಶಾಮ್ ದೇಶಕ್ಕೆ ಹೋಗಿಬಂದವರು. ಆಗ ಅರೇಬಿಯಾದಲ್ಲಿ ಉಕಾಝ್, ಮಜನ್ನ, ದುಲ್ ಮಜಾಝ್ ಎಂಬ ದೊಡ್ಡ ಸಂತೆಗಳು ಹಜ್ಜ್ ಕಾಲದಲ್ಲಿ ಸೇರುತ್ತಿದ್ದವು. ಇಸ್ಲಾಮ್ ಸ್ವೀಕರಿಸಿದ ಮೇಲೆ ಅಲ್ಲಿ ವ್ಯಾಪಾರ ಮಾಡುವುದು ಪಾಪವಾದೀತೇನೋ ಎಂದು ಜನ ಹಿಂಜರಿದರು. ಹಜ್ಜ್ ಕಾಲದಲ್ಲಿ ಜೀವನೋಪಾಯ ಅರಸುವುದು ತಪ್ಪಲ್ಲ ಎಂಬ ಸ್ಪಷ್ಟನೆ ಸೂರಃ ಅಲ್ ಬಕರದ 198ನೇ ವಚನದಲ್ಲಿ ಬಂತು.

ಆದರೆ ಅಲ್ಲಿನ ಕೆಲವು ವ್ಯಾಪಾರ ಪದ್ಧತಿಗಳನ್ನು ಪ್ರವಾದಿ(ಸ) ನಿಲ್ಲಿಸಿದರು. ಬಟ್ಟೆಯನ್ನು ಬಿಚ್ಚಿ ನೋಡದೆ ಬರೀ ಮುಟ್ಟಿದರೆ ಕೊಂಡ ಹಾಗೆ ಎನ್ನುವುದು ಒಂದು, ಅದಕ್ಕೆ ಮುಲಾಮಸ ಎಂದು ಹೆಸರು. ಒಬ್ಬರ ಕಡೆಗೊಬ್ಬರು ಬಟ್ಟೆ ಎಸೆದರೆ ವ್ಯಾಪಾರ ಮುಗಿಯಿತು ಎನ್ನುವುದು ಮುನಾಬಧ. ಕಲ್ಲು ಎಸೆದು, ಅದು ಯಾವ ವಸ್ತುವಿನ ಮೇಲೆ ಬೀಳುತ್ತದೋ ಅದನ್ನೇ ತೆಗೆದುಕೊಳ್ಳಬೇಕು ಎನ್ನುವುದು ಇನ್ನೊಂದು. ಇವೆಲ್ಲದರಲ್ಲೂ ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ.

ಇದರಿಂದ ನಮ್ಮ ಉಲಮಾಗಳು ಒಂದು ಸೂತ್ರ ತೆಗೆದರು. ಊರಿನ ರೂಢಿಗೆ ಶರೀಅತ್‌ನಲ್ಲಿ ಬೆಲೆ ಇದೆ. ಅದನ್ನು ಉರ್ಫ್ ಎನ್ನುತ್ತಾರೆ. ಆದರೆ ಆ ರೂಢಿಯಲ್ಲಿ ಮೋಸ, ಬಡ್ಡಿ, ಅನ್ಯಾಯ ಇರಬಾರದು, ಅಲ್ಲಾಹನಲ್ಲದೆ ಇನ್ನೊಂದು ವಸ್ತು ಲಾಭ ನಷ್ಟ ತರುತ್ತದೆ ಎಂಬ ನಂಬಿಕೆಯೂ ಇರಬಾರದು. ಈ ತಕ್ಕಡಿಯಲ್ಲಿ ನಮ್ಮ ಪದ್ಧತಿಗಳನ್ನು ಇಟ್ಟು ನೋಡೋಣ.

ಬೋಣಿ

ದಿನದ ಮೊದಲ ವ್ಯಾಪಾರವೇ ಬೋಣಿ. ಬೋಣಿಯ ಹಣವನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುವುದನ್ನು ಎಲ್ಲ ಸಂತೆಗಳಲ್ಲೂ ಕಾಣಬಹುದು. ಮೊದಲ ಗಿರಾಕಿ ಕೊಳ್ಳದೆ ಹೋದರೆ ದಿನವೆಲ್ಲ ವ್ಯಾಪಾರ ಆಗುವುದಿಲ್ಲ, ಮೊದಲ ಗಿರಾಕಿ ಉದ್ರಿ ಕೇಳಿದರೆ ದಿನವೆಲ್ಲ ಉದ್ರಿಯೇ ಎಂಬ ಭಯ ಇದರ ಹಿಂದಿದೆ.

ಬೆಳಿಗ್ಗೆ ಬೇಗ ಅಂಗಡಿ ತೆರೆಯುವುದು ಒಳ್ಳೆಯದು. ಪ್ರವಾದಿ(ಸ) ತಮ್ಮ ಸಮುದಾಯಕ್ಕೆ ಮುಂಜಾವಿನಲ್ಲಿ ಬರಕತ್ ಕೊಡು ಎಂದು ದುಆ ಮಾಡಿದ್ದಾರೆ. ಆ ಹದೀಸನ್ನು ವರದಿ ಮಾಡಿದ ಹ. ಸಖ್ರ್(ರ) ಒಬ್ಬ ವ್ಯಾಪಾರಿ. ಅವರು ತಮ್ಮ ಸರಕನ್ನು ಮುಂಜಾನೆಯೇ ಕಳಿಸುತ್ತಿದ್ದರು, ಅನುಕೂಲಸ್ಥರಾದರು. ಮೊದಲ ಹಣ ಕೈಗೆ ಬಂದಾಗ ಬಿಸ್ಮಿಲ್ಲಾಹ್, ಅಲ್‌ಹಮ್ದುಲಿಲ್ಲಾಹ್ ಎನ್ನುವುದೂ ಒಳ್ಳೆಯದೇ.

ಆದರೆ ಒಬ್ಬ ಮನುಷ್ಯನ ಮುಖದಿಂದಲೋ ಮಾತಿನಿಂದಲೋ ದಿನದ ರಿಝ್ಕ್ ಕೆಡುತ್ತದೆ ಎಂದು ನಂಬುವುದು ಅಪಶಕುನ. ಅರಬಿಯಲ್ಲಿ ಇದನ್ನು ತಿಯರ ಎನ್ನುತ್ತಾರೆ. ಇದನ್ನು ಪ್ರವಾದಿ(ಸ) ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ರಿಝ್ಕ್ ಕೊಡುವವನು ಅಲ್ಲಾಹನು. ಒಬ್ಬ ವಿಧವೆ ಅರ್ಧ ಲೀಟರ್ ಹಾಲು ಕೇಳಿದ್ದರಿಂದ ಅವನ ಖಜಾನೆ ಬರಿದಾಗುವುದಿಲ್ಲ.

ಉದ್ರಿ ಕೊಡುವುದು ಬಿಡುವುದು ಅಂಗಡಿಯವನ ಹಕ್ಕು. ಎಲ್ಲರಿಗೂ ಉದ್ರಿ ಕೊಟ್ಟರೆ ಅವನ ಮನೆ ನಡೆಯುವುದಿಲ್ಲ, ಅದು ನಮಗೂ ಗೊತ್ತು. ಕೊಡಲಾಗದಿದ್ದರೆ ನಯವಾಗಿ ಹೇಳಲಿ. ನೀವು ಬಂದದ್ದೇ ಕೆಟ್ಟ ಗಳಿಗೆ ಎಂಬಂತೆ ಮಾತ್ರ ಹೇಳಬಾರದು.

ಅಳತೆ, "ಲಾಭ" ಮತ್ತು ಕೊಸರು

ಕಣದಲ್ಲಿ ರಾಶಿ ಅಳೆಯುವಾಗ ಹಿರಿಯರು ಮೊದಲ ಅಳತೆಗೆ "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಆಮೇಲೆ ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಇದು ತಪ್ಪೇ ಎಂದು ಒಬ್ಬ ರೈತ ಸಹೋದರರು ನಮ್ಮನ್ನು ಕೇಳಿದ್ದರು. ಒಳ್ಳೆಯ ಮಾತಿನಿಂದ ಕೆಲಸ ಶುರು ಮಾಡುವುದನ್ನು ಪ್ರವಾದಿ(ಸ) ಇಷ್ಟಪಡುತ್ತಿದ್ದರು. ಶುಭ ಹಾರೈಕೆಯಾಗಿ "ಲಾಭ" ಎಂದರೆ ದೋಷವಿಲ್ಲ, "ಬರಕತ್" ಎಂದರೆ ಇನ್ನೂ ಚೆನ್ನ. "ಒಂದು" ಎಂದರೆ ರಾಶಿ ಕರಗಿಹೋಗುತ್ತದೆ ಎಂದು ಹೆದರುವುದು ಮಾತ್ರ ಬೇಡ.

ಅಳತೆಯಲ್ಲಿ ನಡೆಯುತ್ತಿದ್ದ ಮೋಸವೂ ಸಣ್ಣದಲ್ಲ. ಕೊಳ್ಳುವಾಗ ಸೇರಿನ ಮೇಲೆ ಗೋಪುರ ಏರಿಸಿ ಅಳೆದುಕೊಳ್ಳುವುದು, ಮಾರುವಾಗ ಬಾಯಿಗೆ ಸಮನಾಗಿ ಕೈಯಲ್ಲಿ ಒರೆಸಿ ಅಳೆದು ಕೊಡುವುದು. ಸೇರಿನ ತಳವನ್ನು ಒಳಕ್ಕೆ ತಗ್ಗಿಸುವುದು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವುದು. "ಸೇರಿಗೆ ಸವಾಸೇರು" ಎಂಬ ಗಾದೆಯನ್ನು ನಾವು ಜಾಣರಿಗೆ ಜಾಣರು ಸಿಕ್ಕಾಗ ಬಳಸುತ್ತೇವೆ. ಸಂತೆಯಲ್ಲಿ ಆ ಜಾಣತನ ಬಡವನ ಹಿಟ್ಟಿನ ಡಬ್ಬಿಯಿಂದ ಕದ್ದದ್ದಾಗಿರುತ್ತಿತ್ತು. ಪವಿತ್ರ ಕುರ್‌ಆನಿನ 83ನೇ ಅಧ್ಯಾಯಕ್ಕೆ ಅಳತೆಯಲ್ಲಿ ಕಡಿತ ಮಾಡುವವರ ಹೆಸರೇ ಇದೆ, ಅಲ್ ಮುತಫ್ಫಿಫೀನ್. ತಾನು ಪಡೆಯುವಾಗ ಪೂರ್ತಿ, ಕೊಡುವಾಗ ಕಡಿಮೆ ಎಂಬ ಇದೇ ಎರಡು ಅಳತೆಯ ಚಾಳಿಯನ್ನು ಅದು ಖಂಡಿಸುತ್ತದೆ. ಪ್ರವಾದಿ ಶುಐಬ್(ಅ) ಮದ್ಯನ್ ಜನರಿಗೆ ಮಾಡಿದ ಉಪದೇಶದಲ್ಲೂ ತೌಹೀದ್‌ನ ಜೊತೆಗೇ ಅಳತೆ ತೂಕದ ಮಾತು ಬರುತ್ತದೆ.

ಈ ಮೋಸಕ್ಕೆ ನಮ್ಮ ಸಂತೆಗಳೇ ಕಂಡುಕೊಂಡ ಒಂದು ಔಷಧಿ ಕೊಸರು. ಬದನೆಕಾಯಿ ತೂಗಿದ ಮೇಲೆ ಇನ್ನೊಂದು ಕಾಯಿ, ಹೂವು ಮೊಳ ಹಾಕಿದ ಮೇಲೆ ಇನ್ನೊಂದು ಗೇಣು, ಮೆಣಸಿನಕಾಯಿಯ ಮೇಲೆ ಒಂದು ಹಿಡಿ ಕೊತ್ತಂಬರಿ. ಅಳತೆಯಲ್ಲಿ ಗೊತ್ತಿಲ್ಲದೆ ಏನಾದರೂ ಕಡಿಮೆಯಾಗಿದ್ದರೆ ಅದು ತುಂಬಿಬರಲಿ ಎಂಬುದು ಇದರ ಅರ್ಥ. ಸಂತೆಯಲ್ಲಿ ತೂಗುತ್ತಿದ್ದ ಒಬ್ಬರನ್ನು ಕಂಡು, ತಟ್ಟೆ ಕೊಳ್ಳುವವನ ಕಡೆ ಸ್ವಲ್ಪ ವಾಲುವಂತೆ ತೂಗು ಎಂದು ಪ್ರವಾದಿ(ಸ) ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ನಮ್ಮ ಕೊಸರು ಆ ಸುನ್ನತ್‌ಗೆ ಎಷ್ಟು ಹತ್ತಿರವಾಗಿದೆ ನೋಡಿ. ಇಂದು ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಂ ಲೆಕ್ಕ ತೋರಿಸುತ್ತದೆ, ಕೊಸರು ಮಾಯವಾಗುತ್ತಿದೆ. ನಮ್ಮ ವ್ಯಾಪಾರಿಗಳು ಇದನ್ನು ಬಿಡಬಾರದು. ಆದರೆ ಕೊಳ್ಳುವವರೂ ಒಂದು ಮಾತು ನೆನಪಿಡಬೇಕು. ಕೊಸರು ಮಾರುವವರ ಔದಾರ್ಯ. ಬುಟ್ಟಿ ಹೊತ್ತು ಬಂದ ಮುದುಕಿಯ ಜೊತೆ ಜಗಳವಾಡಿ ಕಿತ್ತುಕೊಂಡರೆ ಅದು ಕೊಸರಲ್ಲ.

ಕಾಳು ಕೊಟ್ಟು ಬಳೆ ತೊಟ್ಟ ಕಾಲ

ಹಣ ಕಡಿಮೆ ಇದ್ದ ಹಳ್ಳಿಗಳಲ್ಲಿ ಜೋಳ ಕೊಟ್ಟು ಬಳೆ ತೊಡುತ್ತಿದ್ದರು, ಭತ್ತ ಕೊಟ್ಟು ಉಪ್ಪು, ಒಣಮೀನು ಪಡೆಯುತ್ತಿದ್ದರು. ಬಡಿಗ, ಕಮ್ಮಾರ, ಅಗಸ, ಕ್ಷೌರಿಕ ವರ್ಷವಿಡೀ ರೈತನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು. ಇದನ್ನು ಆಯ ಎನ್ನುತ್ತಿದ್ದರು, ಪಡೆಯುವವರು ಆಯಗಾರರು.

ವಸ್ತುವಿಗೆ ವಸ್ತು ಬದಲಾಯಿಸುವುದು ಇಸ್ಲಾಮಿನಲ್ಲಿ ಅನುಮತಿಸಲ್ಪಟ್ಟದ್ದೇ. ಆದರೆ ಬಂಗಾರ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು ಎಂಬ ಆರು ವಸ್ತುಗಳ ಬಗ್ಗೆ ಹದೀಸಿನಲ್ಲಿ ವಿಶೇಷ ನಿಯಮವಿದೆ. ಅದೇ ವಸ್ತುವಿಗೆ ಅದೇ ವಸ್ತುವಾದರೆ ಅಳತೆ ಸಮವಿರಬೇಕು, ಕೈಯಿಂದ ಕೈಗೆ ಆಗಬೇಕು. ಹ. ಬಿಲಾಲ್(ರ) ಒಮ್ಮೆ ಎರಡು ಅಳತೆ ಸಾಧಾರಣ ಖರ್ಜೂರ ಕೊಟ್ಟು ಒಂದು ಅಳತೆ ಉತ್ತಮ ಖರ್ಜೂರ ತಂದರು. ಪ್ರವಾದಿ(ಸ) ಅದನ್ನು ಬಡ್ಡಿ ಎಂದು ಹೇಳಿ, ಮೊದಲು ನಿನ್ನದನ್ನು ಮಾರು, ಆ ಹಣದಿಂದ ಒಳ್ಳೆಯದನ್ನು ಕೊಂಡುಕೋ ಎಂದು ದಾರಿ ತೋರಿಸಿದರು. ಹಳೆಯ ಒಡವೆ ಕೊಟ್ಟು ಹೊಸ ಒಡವೆ ತರುವಾಗ ನಮ್ಮ ಮನೆಗಳಲ್ಲಿ ಇಂದಿಗೂ ಈ ತಪ್ಪು ಆಗುತ್ತದೆ. ಹಳೆಯದನ್ನು ಮಾರಿ ಹಣ ಕೈಗೆ ಪಡೆದು, ಆಮೇಲೆ ಹೊಸದನ್ನು ಕೊಳ್ಳಿ.

ಮಳೆಗಾಲದಲ್ಲಿ ಬಡ ರೈತ ಒಂದು ಚೀಲ ಜೋಳ ಸಾಲ ತಂದು ಸುಗ್ಗಿಯಲ್ಲಿ ಒಂದೂಕಾಲು ಚೀಲ ಕೊಡುವ ರೂಢಿಯೂ ಇತ್ತು. ಕಾಳಿನಲ್ಲಿ ತೆಗೆದುಕೊಂಡರೂ ಅದು ಬಡ್ಡಿಯೇ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದು ಒಂದು ಲೋಟ ವಾಪಸು ಕೊಡುವುದು ಮಾತ್ರ ಇದಕ್ಕೆ ಸೇರುವುದಿಲ್ಲ. ಅದು ಕೈಗಡ, ಒಳ್ಳೆಯ ನೆರೆಹೊರೆಯ ಲಕ್ಷಣ.

ಟವೆಲ್ಲಿನ ಕೆಳಗಿನ ಬೆರಳು

ದನದ ಜಾತ್ರೆ ನೋಡಿದವರಿಗೆ ಇದು ಗೊತ್ತು. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳದೆ, ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಿದ್ದರು. ಹಿಡಿದ ಬೆರಳು ಎಷ್ಟೋ ಅಷ್ಟು ನೂರು ಅಥವಾ ಅಷ್ಟು ಸಾವಿರ. ಕೊಲ್ಲಿಯ ಮುತ್ತಿನ ವ್ಯಾಪಾರಿಗಳಲ್ಲೂ ಬಟ್ಟೆಯ ಕೆಳಗೆ ಕೈ ಹಿಡಿಯುವ ರೂಢಿ ಇತ್ತು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು, ವ್ಯಾಪಾರ ಮುರಿದರೆ ಯಾರ ಮರ್ಯಾದೆಯೂ ಹೋಗಬಾರದು ಎಂಬುದು ಉದ್ದೇಶ.

ಕೈ ಮುಟ್ಟುವುದು ಇದರಲ್ಲೂ ಇದೆಯಲ್ಲ, ಇದೂ ಮುಲಾಮಸವೇ ಎಂದು ಕೆಲವರು ಕೇಳಬಹುದು. ಅಲ್ಲ. ಎತ್ತು ಕಣ್ಣ ಮುಂದೆ ನಿಂತಿದೆ, ಬೆಲೆ ಇಬ್ಬರಿಗೂ ತಿಳಿದಿದೆ, ಇಬ್ಬರೂ ಒಪ್ಪಿದ್ದಾರೆ. ಆದ್ದರಿಂದ ಇಂಥ ವ್ಯಾಪಾರ ಸರಿ. ದೋಷ ಬರುವುದು ನಡುವಿನ ದಲ್ಲಾಳಿ ಮಾರುವವನ ಬೆರಳಿಗೆ ಒಂದು ಬೆಲೆ, ಕೊಳ್ಳುವವನ ಬೆರಳಿಗೆ ಇನ್ನೊಂದು ಬೆಲೆ ಹೇಳಿ ನಡುವಿನದ್ದನ್ನು ಜೇಬಿಗೆ ಹಾಕಿಕೊಂಡಾಗ. ದಲ್ಲಾಳಿ ತನ್ನ ಕೂಲಿಯನ್ನು ಮೊದಲೇ ಹೇಳಿ ಪಡೆಯಲಿ, ಅದು ಹಲಾಲ್.

ದನದ ಹಲ್ಲು ನೋಡಿ ವಯಸ್ಸು ತಿಳಿಯುವುದು ಅನುಭವದ ವಿದ್ಯೆ. ಬಕ್ರೀದಿನ ಕುರ್ಬಾನಿಗೆ ನಾವೂ ಹಾಗೆಯೇ ಹಲ್ಲು ನೋಡುತ್ತೇವೆ. ಆದರೆ ಮೈಮೇಲಿನ ಸುಳಿ ನೋಡಿ, ಈ ಸುಳಿ ಇದ್ದರೆ ಯಜಮಾನನಿಗೆ ಕೇಡು ಎಂದು ಒಳ್ಳೆಯ ಎತ್ತನ್ನು ಅರ್ಧ ಬೆಲೆಗೆ ಇಳಿಸುವುದಕ್ಕೆ ಆಧಾರವಿಲ್ಲ. ಅದರಿಂದ ನಷ್ಟವಾಗುವುದು ಬಡ ರೈತನಿಗೆ. ಎರಡು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ, ಬಹಳ ಹಾಲು ಕೊಡುವ ಹಸು ಎಂದು ಮಾರುವ ಚಾಳಿ ಅರೇಬಿಯಾದಲ್ಲೂ ಇತ್ತು, ನಮ್ಮಲ್ಲೂ ಇದೆ. ಹೀಗೆ ಮೋಸ ಹೋದವನಿಗೆ ಮೂರು ದಿನಗಳ ಒಳಗೆ ಹಿಂದಿರುಗಿಸುವ ಹಕ್ಕನ್ನು ಪ್ರವಾದಿ(ಸ) ಕೊಟ್ಟಿದ್ದಾರೆ. ಮಾರಿದ ಮೇಲೆ ಮುಗಿಯಿತು ಎಂದು ಬೋರ್ಡು ಹಾಕುವ ಅಂಗಡಿಯವರು ಇದನ್ನು ಗಮನಿಸಬೇಕು.

ಸಂಚಕಾರ ಮತ್ತು ಉದ್ರಿ ಪುಸ್ತಕ

ವ್ಯಾಪಾರ ಕುದುರಿತು ಎನ್ನಲು ಮೊದಲು ಕೊಡುವ ಸ್ವಲ್ಪ ಹಣಕ್ಕೆ ಸಂಚಕಾರ ಎಂದು ಹೆಸರು. ಈಗ ನಾವು ಅಡ್ವಾನ್ಸ್ ಎನ್ನುತ್ತೇವೆ. ಕನ್ನಡದಲ್ಲಿ "ಜೀವಕ್ಕೆ ಸಂಚಕಾರ ಬಂತು" ಎಂದೂ ಹೇಳುತ್ತೇವೆ. ಈ ಹಣದಿಂದ ಆಗುವ ಜಗಳಗಳನ್ನು ನೋಡಿದರೆ ಆ ಮಾತೂ ಸರಿಯೇ ಅನ್ನಿಸುತ್ತದೆ. ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಮುಳುಗಿತು ಎಂಬುದು ಊರಿನ ರೂಢಿ. ಹನಫಿ, ಶಾಫಿಈ, ಮಾಲಿಕಿ ಉಲಮಾಗಳ ಪ್ರಕಾರ ಅದನ್ನು ಹಿಂದಿರುಗಿಸಬೇಕು. ಹಂಬಲಿ ಮಝ್‌ಹಬ್‌ನಲ್ಲಿ ಮಾತ್ರ ಇಟ್ಟುಕೊಳ್ಳಲು ಅವಕಾಶವಿದೆ. ಸೈಟು, ಮನೆ, ಮದುವೆ ಹಾಲ್‌ಗಳ ವಿಷಯದಲ್ಲಿ ಮೊದಲೇ ಬರೆದುಕೊಂಡು, ನಿಮ್ಮ ಊರಿನ ಉಲಮಾಗಳನ್ನು ಕೇಳಿ ಮುಂದುವರಿಯಿರಿ.

ಉದ್ರಿಗೆ ಹಿಂದೆ ಪುಸ್ತಕವೂ ಇರುತ್ತಿರಲಿಲ್ಲ. ಹಾಲಿನವಳು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ತಿಂಗಳ ಕೊನೆಗೆ ಎರಡೂ ಕಡೆಯವರು ಗೆರೆ ಎಣಿಸುತ್ತಿದ್ದರು. ಓದು ಬಾರದ ಜನ ಕೂಡ ಸಾಲವನ್ನು ಗುರುತು ಹಾಕಿಡುತ್ತಿದ್ದರು. ಕುರ್‌ಆನಿನ ಅತಿ ಉದ್ದದ ವಚನ, ಸೂರಃ ಅಲ್ ಬಕರದ 282, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. "ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಶಕ್ತಿ ಇದ್ದೂ ಸಾಲ ತೀರಿಸದೆ ಓಡಾಡುವುದು ಅನ್ಯಾಯ. ನಿಜವಾಗಿ ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕು ಎಂಬುದೂ ಅದೇ ಅಧ್ಯಾಯದ 280ನೇ ವಚನದ ಆದೇಶ.

ದೀಪ ಹಚ್ಚಿದ ಮೇಲಿನ ಉಪ್ಪು, ಸಫರ್ ತಿಂಗಳ ಭಯ

ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಮೊಸರು ಕೊಡಬಾರದು ಎಂಬ ನಂಬಿಕೆ ನಮ್ಮ ಅಕ್ಕಪಕ್ಕದ ಎಲ್ಲರಲ್ಲೂ ಇತ್ತು, ನಮ್ಮ ಮನೆಗಳಲ್ಲೂ ಇತ್ತು. ನಾವು ಬೇರೆಯವರನ್ನು ಆಡಿಕೊಳ್ಳುವ ಮೊದಲು ನಮ್ಮ ಮನೆಯ ತೇರಾ ತೇಜಿಯನ್ನು ನೋಡಿಕೊಳ್ಳಬೇಕು. ಸಫರ್ ತಿಂಗಳ ಮೊದಲ 13 ದಿನ ಅಶುಭ ಎಂದು ಹೊಸ ಅಂಗಡಿ ತೆರೆಯದವರು, ಮದುವೆ ಮಾತು ಎತ್ತದವರು ನಮ್ಮಲ್ಲೇ ಇದ್ದಾರೆ. ಸಫರ್‌ನಲ್ಲಿ ಅಶುಭವಿಲ್ಲ ಎಂದು ಪ್ರವಾದಿ(ಸ) ಹೇಳಿದ್ದು ಸಹೀಹ್ ಹದೀಸಿನಲ್ಲಿದೆ. ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದೂ ಇದೇ ಸಾಲಿಗೆ ಸೇರಿದ್ದು.

ಮತ್ತೆ ಆ ಅಂಗಡಿಗೆ

ಆ ಜುಮಾದ ನಂತರ ಅಂಗಡಿಯ ಯುವಕನ ತಂದೆ ನಮ್ಮ ಬಳಿ ಬಂದು ಕುಳಿತರು. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಅವರು ಹೇಳಿದರು: "ಹಜ್ರತ್, ನನ್ನ ಮಗ ಅರ್ಧ ಮಾತ್ರ ಕಲಿತಿದ್ದಾನೆ. ನಮ್ಮ ಅಬ್ಬಾ ಬೋಣಿ ನಂಬುತ್ತಿದ್ದದ್ದು ಹೌದು. ಆದರೆ ಅವರು ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಒಂದು ಕಾಸು ನಷ್ಟವಾದರೂ ಕೇಳಿದ ಬೆಲೆಗೆ ಕೊಟ್ಟು ಕಳಿಸುತ್ತಿದ್ದರು. ದುಡ್ಡಿಲ್ಲ ಅಂದರೆ, ಇರುವಷ್ಟು ಕೊಡಿ ಅನ್ನುತ್ತಿದ್ದರು."

ಹಿರಿಯರಲ್ಲೂ ಭಯ ಇತ್ತು, ಆದರೆ ಆ ಭಯ ಅವರ ಕೈಯನ್ನು ಬಿಚ್ಚಿಸಿತ್ತು. ಭಯ ಮಾತ್ರ ಮೊಮ್ಮಗನಿಗೆ ಬಂತು, ಬಿಚ್ಚಿದ ಕೈ ಬರಲಿಲ್ಲ. ನಮ್ಮ ಅನೇಕ ಪದ್ಧತಿಗಳಿಗೆ ಆದದ್ದು ಇದೇ. ಭಯವನ್ನು ಬಿಟ್ಟು, ಆ ಕೈಯನ್ನು ಉಳಿಸಿಕೊಂಡರೆ ಹಿರಿಯರ ಗೌರವವೂ ಉಳಿಯುತ್ತದೆ, ದೀನ್ ಕೂಡ ಉಳಿಯುತ್ತದೆ.

ಯುವಕನು ಆ ಸಹೋದರಿಯ ಮನೆಗೆ ತನ್ನ ತಾಯಿಯನ್ನು ಕಳಿಸಿ ಕ್ಷಮೆ ಕೇಳಿದ್ದಾನೆ. ಅವರು ಕ್ಷಮಿಸಿದ್ದಾರೆ. ಆದರೂ ಬೆಳಿಗ್ಗೆ ಬೇಗ ಆ ಅಂಗಡಿಗೆ ಹೋಗಲು ಅವರು ಇನ್ನೂ ಹಿಂಜರಿಯುತ್ತಾರೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಂದು ಮಾತು ಮಾಡಿದ ಗಾಯ ಒಂದು ಕ್ಷಮೆಯಿಂದ ಒಂದೇ ದಿನದಲ್ಲಿ ಮಾಯುವುದಿಲ್ಲ. ಅಂಗಡಿಯ ಗಲ್ಲಾ ಮುಂದೆ ಕೂರುವ ನಮ್ಮ ಎಲ್ಲ ಸಹೋದರರೂ ಇದನ್ನು ನೆನಪಿಡಲಿ.

ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಮೃದುವಾಗಿ ನಡೆದುಕೊಳ್ಳುವವನಿಗೆ ಅಲ್ಲಾಹನ ಕರುಣೆ ಇರಲಿ ಎಂದು ಪ್ರವಾದಿ(ಸ) ದುಆ ಮಾಡಿದ್ದಾರೆ. ಆ ದುಆದಲ್ಲಿ ನಮ್ಮನ್ನೂ ಸೇರಿಸಿಕೊಳ್ಳೋಣ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಮೊದಲು ಯಾರು ಬಂದರೂ ಅವರನ್ನು ಅಲ್ಲಾಹನು ಕಳಿಸಿದ ಅತಿಥಿ ಎಂದು ಬರಮಾಡಿಕೊಳ್ಳೋಣ.

ಅಲ್ಲಾಹನು ನಮ್ಮ ಅಳತೆಯಲ್ಲಿ ನ್ಯಾಯವನ್ನೂ, ಕೈಯಲ್ಲಿ ಔದಾರ್ಯವನ್ನೂ, ಗಳಿಕೆಯಲ್ಲಿ ಬರಕತ್ತನ್ನೂ ದಯಪಾಲಿಸಲಿ. ಆಮೀನ್.